ಸೌಂಡ್ ಕಾಕಾರ ಕಿವಿ

ಕಾಕಾರ ತಲೆಯ ಮೇಲೆ ಒಂದು ಕಾಲುದಾರಿ ಇತ್ತು. ಎಡಗಿವಿಯ ಮೇಲಿಂದ ಹೊರಟು, ನೆತ್ತಿ ಹಾಯ್ದು, ಬಲಗಿವಿಗೆ ಇಳಿಯುವ ಆ ದಾರಿಯಲ್ಲಿ ಕೂದಲು ಒತ್ತಿಕೊಂಡು ಮಲಗಿರುತ್ತಿತ್ತು. ಅದರ ಹಿಂದೆ ಮುಂದೆ ಬಿಳಿಗೂದಲು ಪೊದೆಯಾಗಿ ಎದ್ದು ನಿಂತಿರುತ್ತಿತ್ತು. ಇಡೀ ಆಯುಷ್ಯ ಹೆಡ್‌ಫೋನ್ ಹಾಕಿಕೊಂಡೇ ಕಳೆದವರ ತಲೆ. ಜೋಗೇಶ್ವರಿಯಲ್ಲಿ ಅವರ ಬಿಲ್ಡಿಂಗಿನ ಎದುರಿನ ಸಲೂನಿನವನು ಅದನ್ನು ಸರಿಮಾಡಲು ಹೋಗಿ ಸೋತು ಕೈಬಿಟ್ಟಿದ್ದನಂತೆ.

ಗೋರೆಗಾಂವಿನ ನಮ್ಮ ಸ್ಟುಡಿಯೋದಿಂದ ಭಜನೆ, ಉಪನ್ಯಾಸ, ಸಂಘಗಳ ವಾರ್ಷಿಕೋತ್ಸವ ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ ಲೈವ್ ಕಳಿಸುತ್ತಿದ್ದೆವು. ಧ್ವನಿಯ ಜವಾಬ್ದಾರಿ ಪೂರ್ತಿ ಕಾಕಾರದು. ಗದಗಿನ ಕಡೆಯವರು. ಬೈಕುಲ್ಲಾದಲ್ಲಿ ಆಂಪ್ಲಿಫೈಯರ್ ರಿಪೇರಿಯಿಂದ ಶುರುಮಾಡಿ ಇಲ್ಲಿಯವರೆಗೆ ಬಂದಿದ್ದರು. ಚಿಕ್ಕಪ್ಪನಿಗೆ ಮರಾಠಿಯಲ್ಲೂ ಕಾಕಾ, ಅವರ ಕನ್ನಡದಲ್ಲೂ ಕಾಕಾ. ಹಾಗಾಗಿ ಸ್ಟುಡಿಯೋದ ಮಾಲೀಕ ಸೇಠ್‌ನಿಂದ ಹಿಡಿದು ಚಹಾ ತರುವವನ ತನಕ ಎಲ್ಲರಿಗೂ ಅವರು ಕಾಕಾ. ನಾನು ಅವರ ಪಕ್ಕದ ಕುರ್ಚಿಯವಳು. ಕಾರ್ಯಕ್ರಮವನ್ನು ಹೊರಗೆ ಕಳಿಸುವುದು, ನೋಡುಗರು ಬರೆಯುವ ಕಾಮೆಂಟುಗಳಿಗೆ ಉತ್ತರಿಸುವುದು ನನ್ನ ಕೆಲಸ. ‘ಆವಾಜ್ ಕಟ್ ಆಗ್ತಿದೆ’ ಎಂದು ಯಾರಾದರೂ ಬರೆದರೆ ಅಂಟಿಸಲು ಒಂದು ಸಾಲು ಸಿದ್ಧವಿರುತ್ತಿತ್ತು: ‘ದಯವಿಟ್ಟು ನಿಮ್ಮ ಇಂಟರ್ನೆಟ್ ಸರಿಯಿದೆಯೇ ನೋಡಿಕೊಳ್ಳಿ.’ ನಮ್ಮ ಕಸುಬಿನವರೆಲ್ಲ ಹಾಗೇ ಬರೆಯುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು.

ಕಾಕಾರ ಕಾಟವೂ ಕಡಿಮೆಯದಲ್ಲ. ಅವರಿರುವಾಗ ಕಂಟ್ರೋಲ್ ರೂಮಿನಲ್ಲಿ ವೇಫರ್ ಪೊಟ್ಟಣ ಒಡೆಯುವಂತಿಲ್ಲ. ಒಂದು ಸಲ ನನ್ನನ್ನೂ ನನ್ನ ಬಾಳೆಕಾಯಿ ಚಿಪ್ಸನ್ನೂ ಒಟ್ಟಿಗೆ ಹೊರಗೆ ಹಾಕಿದ್ದರು. ಧ್ವನಿಯಲ್ಲಿ ಏನಾದರೂ ಕೆಟ್ಟರೆ ಕೂಗಾಡುವವರಲ್ಲ. ಎಡಗೈಯ ತೋರುಬೆರಳು ಮೇಜಿನಿಂದ ತುಸು ಮೇಲೇಳುತ್ತಿತ್ತು, ಅಷ್ಟೇ. ನಾವೆಲ್ಲ ಕೋಣೆಯ ಸ್ಪೀಕರಿನಲ್ಲಿ ಕೇಳುತ್ತಿದ್ದರೆ ಅವರು ಮಾತ್ರ ಹೆಡ್‌ಫೋನಿನ ವೈರನ್ನು ಸ್ಟುಡಿಯೋ ಬಿಟ್ಟು ಧ್ವನಿ ಹೊರಡುವ ಕಟ್ಟಕಡೆಯ ಪೆಟ್ಟಿಗೆಗೆ ಸಿಕ್ಕಿಸುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, “ಮಂದಿ ಎಲ್ಲಿ ಕೇಳ್ತಾರೋ ಅಲ್ಲೇ ನನ್ನ ಕಿವಿ ಇರಬೇಕು ತಂಗಿ. ಅಡಿಗಿ ರುಚಿ ಪಾತೇಲಿ ಒಳಗ ನೋಡಿದ್ರ ಆತೇನು, ತಾಟಿನ್ಯಾಗ ನೋಡ್ಬೇಕು” ಎಂದಿದ್ದರು. ನಮ್ಮ ಮನೆಯವರೆಲ್ಲ ಉಡುಪಿ ಕಡೆಯ ಹೋಟೆಲಿನವರು; ನನಗೆ ಹಾಗೆ ಹೇಳಿದರೇ ಅರ್ಥವಾಗುವುದೆಂದು ಅವರಿಗೆ ಗೊತ್ತಿತ್ತು.

ಸ್ಟುಡಿಯೋ ನವೀಕರಣವಾಗಿ, ಧ್ವನಿಯೂ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ಲಿನಲ್ಲೇ ಓಡಾಡತೊಡಗಿದ ಮೇಲೆ ಆ ಬೆರಳು ಪದೇ ಪದೇ ಏಳಲು ಶುರುವಾಯಿತು.

“ಹೋತು.”

“ಏನು ಕಾಕಾ?”

“ಮಾತು ಹೋತು. ಬಂತು ಈಗ. ನಿನಗ ಕೇಳಲಿಲ್ಲೇನು?”

ನನಗೆ ಎಲ್ಲ ಸರಿಯಾಗಿಯೇ ಕೇಳಿಸಿತ್ತು. ಉಳಿದವರಿಗೂ ಅಷ್ಟೇ. ರೆಕಾರ್ಡಿಂಗ್ ಹಾಕಿ ನೋಡಿದರೆ ಒಂದಕ್ಷರವೂ ಹೋಗಿರಲಿಲ್ಲ. ಅವರ ಹೆಡ್‌ಫೋನನ್ನು ನಾನೇ ಹಾಕಿಕೊಂಡು ಸಾಕಷ್ಟು ಹೊತ್ತು ಕೂತೆ. ಹಾಳಾದ್ದು, ಆಗ ಏನೂ ಆಗಲಿಲ್ಲ. ನಾನು ತೆಗೆದುಕೊಟ್ಟೆ, ಅವರು ಹಾಕಿಕೊಂಡರು, ಸ್ವಲ್ಪದರಲ್ಲೇ ಬೆರಳು ಎದ್ದಿತು. ಆಮೇಲೆ ಅವರು ನಮ್ಮನ್ನು ಕೇಳುವುದನ್ನೇ ಬಿಟ್ಟರು.

ಒಂದು ಸಂಜೆ ಸ್ಟೇಷನ್ನಿನಲ್ಲಿ ಲೋಕಲ್ ಕಾಯುತ್ತ ನಿಂತಿದ್ದಾಗ ಅವರೇ ಹೇಳಿದರು. “ಕಿವಿ ಹೋಗಾಕ ಹತ್ಯಾವ, ತಂಗಿ. ಎಷ್ಟ ವರ್ಷ ಗಣಪತಿ ಮಂಡಳದ ಸ್ಪೀಕರ್ ಮುಂದ ನಿಂತೀನಿ, ಹೋಗದ ಏನ್ಮಾಡ್ತಾವ.”

“ಡಾಕ್ಟರಿಗೆ ತೋರಿಸಿದಿರಾ?”

“ಹೋದ್ರ ಹೌದು ಅಂದ್ಬಿಡ್ತಾರ. ಇನ್ನೊಂದೀಟ ದಿನ ಗೊತ್ತಿಲ್ಲದಂಗ ಇರ್ತೀನಿ.”

ಅಷ್ಟು ಗಟ್ಟಿ ಮನುಷ್ಯ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಧೈರ್ಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗಾಡಿ ಬಂತು. ಮರುವಾರ ಅವರು ಸೇಠ್ ಹತ್ತಿರ ಹೋಗಿ, ತಮ್ಮ ಕಿವಿಯನ್ನು ಇನ್ನು ನಂಬಬೇಡಿ, ಬೇರೆಯವರನ್ನು ನೋಡಿಕೊಳ್ಳಿ ಎಂದುಬಿಟ್ಟರು. ಸೇಠ್ ಮೊದಲು ಬೈದು, ಆಮೇಲೆ ಮುಖ ಸಣ್ಣದು ಮಾಡಿಕೊಂಡು ಒಬ್ಬನನ್ನು ಗೊತ್ತುಮಾಡಿದರು. ಸೋಮವಾರದಿಂದ ಅವನು ಬರುವುದೆಂದು ಆಯಿತು.

ಅದರ ಹಿಂದಿನ ಶನಿವಾರ ಮಧ್ಯಾಹ್ನ ಡಾಕ್ಟರೊಬ್ಬರಿಂದ ಸಕ್ಕರೆ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಉಪನ್ಯಾಸ. ಯಾವುದೋ ಮಾತ್ರೆಯ ಹೆಸರು ಹೇಳಿ, ಅದನ್ನು ಊಟದ ನಂತರವೇ ತೆಗೆದುಕೊಳ್ಳಬೇಕು ಎಂದರು. ಪಕ್ಕದಲ್ಲಿ ಕಾಕಾರ ಬೆರಳು ಎದ್ದು, ನಾಚಿಕೊಂಡಂತೆ ಕೆಳಗಿಳಿಯಿತು. ನಾನು ನೋಡದವಳ ಹಾಗೆ ಪರದೆಯ ಕಡೆ ತಿರುಗಿದೆ. ನಾವು ಕಳಿಸಿದ್ದು ನೋಡುಗರನ್ನು ಮುಟ್ಟಲು ಸ್ವಲ್ಪ ಸಮಯ ಬೇಕು. ಅಷ್ಟು ಹೊತ್ತು ಕಳೆದ ಮೇಲೆ ಕಾಮೆಂಟುಗಳು ಬಂದವು. ‘ಊಟದ ಮೊದಲೋ ಆಮೇಲೋ? ಆ ಶಬ್ದ ಕೇಳಿಸಲಿಲ್ಲ.’ ಕೆಳಗೆ ಇನ್ನೊಬ್ಬರು: ‘ಸರ್, ಊಟದ ಏನು?’ ಅದರ ಕೆಳಗೆ ಮತ್ತೊಬ್ಬರು, ಮಗದೊಬ್ಬರು.

ರೂಢಿಯ ಸಾಲನ್ನು ಅಂಟಿಸಲು ಹೋದ ನನ್ನ ಕೈ ಹಾಗೇ ನಿಂತಿತು. ಕಾರ್ಯಕ್ರಮದ ಆರಂಭದಲ್ಲಿ ಇವರೆಲ್ಲ ತಮ್ಮ ಊರು ಬರೆದಿದ್ದರು. ಒಬ್ಬರು ಸೊಲ್ಲಾಪುರ, ಒಬ್ಬರು ಡೊಂಬಿವಲಿ, ಒಬ್ಬರು ಹುಬ್ಬಳ್ಳಿ. ಅಷ್ಟೂ ಊರುಗಳ ಇಂಟರ್ನೆಟ್ ಕೂಡಿಕೊಂಡು ಒಂದೇ ಶಬ್ದವನ್ನು ನುಂಗುವುದುಂಟೇ?

ಕಾಕಾರ ತೋಳು ಹಿಡಿದೆಳೆದೆ. ಅವರು ಒಂದು ಕಿವಿ ಬಿಡಿಸಿಕೊಂಡರು. ಕಾಮೆಂಟುಗಳನ್ನು ಒಂದೊಂದಾಗಿ ಓದಿ ಹೇಳಿದೆ.

“ಸೊಲ್ಲಾಪುರದಾಗೂ ಅದ ಶಬ್ದ ಹೋಗೇತೇನು?”

“ಹೌದು ಕಾಕಾ. ನಿಮಗೆ ಹೋದದ್ದೇ ಅವರಿಗೂ ಹೋಗಿದೆ.”

ಅವರ ಮುಖದಲ್ಲಿ ಏನೇನೋ ಬಂದು ಹೋಯಿತು. ಆದರೆ ಬಾಯಿಂದ ಬಂದದ್ದು ಇಷ್ಟು: “ಮದಲ ಡಾಕ್ಟರಿಗೆ ಹೇಳು, ಇನ್ನೊಮ್ಮೆ ಹೇಳ್ಲಿ. ಮಂದಿ ತಪ್ಪು ಹೊತ್ತಿಗೆ ಮಾತ್ರಿ ನುಂಗ್ಯಾರು.” ನಾನು ಚೀಟಿ ಕಳಿಸಿದೆ. ಡಾಕ್ಟರು ಎರಡೆರಡು ಸಲ ಹೇಳಿದರು. ಬೆರಳು ಏಳಲಿಲ್ಲ.

ಉಪನ್ಯಾಸ ಮುಗಿದ ಮೇಲೆ ಕಾಕಾ ಅಂಗಿಯ ತೋಳು ಮಡಚಿ ಎದ್ದರು. ಕೋಣೆಯ ಸ್ಪೀಕರಿಗೂ ರೆಕಾರ್ಡಿಂಗಿಗೂ ಧ್ವನಿ ಹಳೆಯ ವೈರಿನಲ್ಲಿ ನೇರವಾಗಿ ಹೋಗುತ್ತಿತ್ತು. ನೆಟ್‌ವರ್ಕ್ ದಾಟಿದ ಧ್ವನಿಯನ್ನು ಕೇಳುತ್ತಿದ್ದವರು ಹೊರಗಿನ ಜನ ಮತ್ತು ಕಾಕಾ. ಹೊರಗೆ ಹೋದದ್ದನ್ನು ಮರಳಿ ಕೇಳಿ ನೋಡಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ತಪ್ಪೆಲ್ಲ ಕೇಳುವವರದೇ ಎಂದುಕೊಂಡಿದ್ದೆವು.

ನೆಟ್‌ವರ್ಕ್ ನೋಡಿಕೊಳ್ಳುವವನು ಬಂದು ಎಲ್ಲ ಕೇಬಲ್ಲುಗಳನ್ನೂ ಒಟ್ಟಿಗೆ ಕೀಳಲು ಹೋದ. ಕಾಕಾ ಅವನ ಕೈ ಹಿಡಿದರು. “ಏಕ್ ಬದಲೋ, ಫಿರ್ ಸುನೋ. ಎಲ್ಲಾ ಕೂಡಿ ಬದಲಿಸಿದ್ರ ಕಳ್ಳ ಯಾರಂತ ಗೊತ್ತಾಗಂಗಿಲ್ಲ.” ಒಂದು ಕೇಬಲ್ ಬದಲಿಸುವುದು, ಕೂತು ಕೇಳುವುದು. ಮತ್ತೊಂದು, ಮತ್ತೆ ಕೇಳುವುದು. ಕೇಳಲು ಧ್ವನಿ ಬೇಕಲ್ಲ, ಅದಕ್ಕೆ ನನ್ನನ್ನು ಮೈಕಿನ ಮುಂದೆ ಕೂರಿಸಿದರು. ಮಾತು ಮುಗಿದುಹೋದಾಗ ನಮ್ಮಪ್ಪನ ಹೋಟೆಲಿನ ಮೆನು ಹೇಳತೊಡಗಿದೆ. ಇಡ್ಲಿಯಿಂದ ಹಿಡಿದು ಗಡಬಡ್ ಐಸ್‌ಕ್ರೀಮಿನ ತನಕ ಎಷ್ಟು ಸುತ್ತು ಹಾಕಿದೆನೋ. ನೀರುದೋಸೆಯ ಹತ್ತಿರ ಒಮ್ಮೆ, ಮಸಾಲೆದೋಸೆಯ ಹತ್ತಿರ ಒಮ್ಮೆ ಬೆರಳು ಎದ್ದಿತು. ಕೊನೆಗೆ ಸಿಕ್ಕಿಬಿದ್ದದ್ದು ಕೇಬಲ್ಲುಗಳೆಲ್ಲ ಬಂದು ಕೂಡುವ ಹೊಸ ಪೆಟ್ಟಿಗೆ. ಕರೆಂಟ್ ಉಳಿಸಲೆಂದು ನಡುನಡುವೆ ಅರೆಕ್ಷಣ ತೂಕಡಿಸುವ ಏರ್ಪಾಡು ಅದರೊಳಗಿತ್ತು. ಆ ತೂಕಡಿಕೆಯಲ್ಲಿ ಮಾತು ಬಿದ್ದುಹೋಗುತ್ತಿತ್ತು. ಅದನ್ನು ಬಂದ್ ಮಾಡಿದರು. ಆಮೇಲೆ ನಾನು ಗಂಟಲು ಒಣಗುವ ತನಕ ಮೆನು ಹೇಳಿದರೂ ಬೆರಳು ಮೇಜು ಬಿಡಲಿಲ್ಲ.

ಕಾಕಾ ಹೆಡ್‌ಫೋನ್ ತೆಗೆದಿಟ್ಟು ಮನೆಗೆ ಫೋನ್ ಮಾಡಿದರು. ಆ ಕಡೆಯಿಂದ ಕಾಕಿ ಕಿರುಚಿದ್ದು ನನಗೂ ಕೇಳಿಸಿತು. ಎಷ್ಟೋ ದಿನಗಳಿಂದ ಅವರು ಗಂಡನ ಹತ್ತಿರ ಹಾಗೇ ಕಿರುಚಿ ಮಾತಾಡುತ್ತಿದ್ದರಂತೆ.

“ಒದರಬ್ಯಾಡ. ಮೆಲ್ಲಗ ಮಾತಾಡು,” ಎಂದರು ಕಾಕಾ. “ನನ್ನ ಕಿವಿ ಛಲೋ ಅದಾವ.”

ಕಾಕಿ ದನಿ ತಗ್ಗಿಸಿ ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಕಾಕಾರಿಗೆ ಕೇಳಿಸಿತು. ಕಣ್ಣೊರೆಸಿಕೊಂಡು ನಕ್ಕರು. ನಾನೂ ಅತ್ತೆ, ನಾಚಿಕೆ ಇಲ್ಲದೆ ಅತ್ತೆ.

ಸೋಮವಾರ ಬಂದವನನ್ನು ಸೇಠ್ ಕಾಕಾರ ಕೈಕೆಳಗೆ ಇಟ್ಟುಕೊಂಡರು. ಕಾಕಾ ಇನ್ನೂ ಬಹಳ ಕಾಲ ಆ ಕುರ್ಚಿ ಬಿಡಲಿಲ್ಲ. ನಾನು ಆ ಸಿದ್ಧ ಸಾಲನ್ನು ಅಂದೇ ಅಳಿಸಿದೆ. ಕೇಳಿಸಲಿಲ್ಲ ಎಂದು ಯಾರೇ ಬರೆದರೂ ಯಾವ ಶಬ್ದ, ಯಾವ ಊರು ಎಂದು ಕೇಳುತ್ತೇನೆ. ಕೆಲಸ ಎಂದು ನನಗೆ ಗೊತ್ತಿರುವುದರಲ್ಲಿ ಬಹುಪಾಲು ಅವರಿಂದ ಬಂದದ್ದು.

ಕಳೆದ ವರ್ಷ ಕಾಕಾ ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಜೋಗೇಶ್ವರಿಯ ಮನೆಗೆ ಹೋದಾಗ ಕಾಕಿ ನನ್ನ ಕೈ ಹಿಡಿದುಕೊಂಡು ಕೂತಿದ್ದರು.

“ಉಂಡು ಅಡ್ಡಾಗಿದ್ರು,” ಎಂದರು. “ಅಡಿಗಿಮನ್ಯಾಗ ನಾ ನನ್ನಷ್ಟಕ್ಕ, ಚಾಕ್ಕ ಹಾಲಿಲ್ಲಲ್ಲ ಅಂದೆ. ಯಾರಿಗೂ ಕೇಳಿಸೂವಂಗ ಅಂದಿಲ್ಲವ್ವಾ. ಒಳಗಿಂದ, ನಾ ಎದ್ದ ಮ್ಯಾಲ ತರ್ತೀನಿ ಬಿಡು ಅಂದ್ರು.”