ಹೆಬ್ಬೆಟ್ಟಿನ ಓದುಗ

ನಮ್ಮೂರಿನ ವಾಚನಾಲಯದಿಂದ ಎಲ್ಲರಿಗಿಂತ ಹೆಚ್ಚು ಕನ್ನಡ ಪುಸ್ತಕ ಒಯ್ದ ಮನುಷ್ಯನಿಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಆತ ಕುರಿ ಕಾಯುವ ಮುದುಕ. ಆತ ಒಯ್ದ ಪುಸ್ತಕಗಳನ್ನೆಲ್ಲ ಓದಿದವಳು ನಾನು. ಇದನ್ನು ನಾನು ಮೊದಲೇ ಊರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಆ ಸಿಟ್ಟು ನನಗೆ ಇನ್ನೂ ನನ್ನ ಮೇಲೆಯೇ ಇದೆ, ಆದರೆ ಊರಿನ ಮೇಲಿರುವ ಸಿಟ್ಟು ಅದಕ್ಕಿಂತ ದೊಡ್ಡದು.

ಗಡಿಯ ಮರಾಠಿ ರಾಜ್ಯದ ಕಡೆಗೆ ಸೇರಿದ ಜತ್ತ ತಾಲೂಕಿನಲ್ಲಿ, ಅಸಂಗಿಯಿಂದ ನಡೆದೇ ಹೋಗಬಹುದಾದಷ್ಟು ದೂರದ ಹಳ್ಳಿ ನಮ್ಮದು. ಅಪ್ಪನದು ಕಿರಾಣಿ ಅಂಗಡಿ. ನಾನು ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆ ಪಾಸಾಗಿ ಮನೆಯಲ್ಲಿದ್ದೆ. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅಪ್ಪನ ಬಲಗೈಗೆ ಲಕ್ವ ಹೊಡೆಯಿತು. ತಕ್ಕಡಿ ಹಿಡಿಯಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ನಾನು ಅಂಗಡಿಯಲ್ಲಿ ಕೂತೆ. ಮದುವೆಯಾಗದ ಹುಡುಗಿ ಗದ್ದುಗೆಯ ಮೇಲೆ ಕೂತಳೆಂದು ನಮ್ಮ ಮಂದಿ ಮಾತಾಡಿಕೊಂಡರು. ಮಾತಾಡಿದವರೆಲ್ಲ ಸಂಜೆ ನನ್ನ ಕೈಯಿಂದಲೇ ಚಹಾಪುಡಿ ಒಯ್ದರು.

ಅಂಗಡಿಯಲ್ಲಿ ನನಗೆ ಸಿಕ್ಕ ಸುಖವೆಂದರೆ ರದ್ದಿ. ಪೊಟ್ಟಣ ಕಟ್ಟಲು ತಂದ ಹಳೆಯ ಕಾಗದದಲ್ಲಿ ಕನ್ನಡ ಕಂಡರೆ ಓದದೆ ಬಿಡುತ್ತಿರಲಿಲ್ಲ. ತುಟಿ ಅಲ್ಲಾಡಿಸುತ್ತ ಓದುವ ಅಭ್ಯಾಸ ನನಗೆ. ಒಂದು ದಿನ ತಂಬಾಕಿಗೆಂದು ಬಂದು ಮೆಟ್ಟಿಲ ಮೇಲೆ ಕೂತಿದ್ದ ಆ ಮುದುಕ ಕೇಳಿಸಿಕೊಂಡ. ಒಬ್ಬ ರಾಜನ ಕಥೆಯ ತುಂಡು ಅದು. ಹಾಳೆ ಮುಗಿಯಿತು, ನಾನು ಸುಮ್ಮನಾದೆ. ಮುಂದೇನಾಯಿತು ಎಂದು ಕೇಳಿದ. ಪೂರಾ ಪುಸ್ತಕ ಚಾವಡಿ ಪಕ್ಕದ ವಾಚನಾಲಯದಲ್ಲಿರಬಹುದು, ಆದರೆ ಅಲ್ಲಿ ಗಂಡಸರು ಕೂತಿರುತ್ತಾರೆ, ನನ್ನನ್ನು ಒಳಗೆ ಬಿಡುವುದಿಲ್ಲ ಎಂದೆ.

“ನನ್ನ ಬಿಡತಾರಲ್ಲ” ಎಂದು ಎದ್ದು ಹೋದ.

ಹೀಗೆ ಶುರುವಾಯಿತು. ವಾಚನಾಲಯವೆಂದರೆ ಒಂದು ಕೋಣೆ, ಎರಡು ಬೆಂಚು, ಒಂದು ಕಪಾಟು. ವಿಜಾಪುರದ ಬಸ್ಸಿನಲ್ಲಿ ಒಂದು ದಿನ ತಡವಾಗಿ ಬರುವ ಪೇಪರಿಗಾಗಿ ಗಂಡಸರು ಅಲ್ಲಿ ಕೂಡುತ್ತಿದ್ದರು, ಕಪಾಟು ತೆಗೆಯುವವರು ಕಡಿಮೆ. ಮುದುಕ ಎಂಟು ದಿನಕ್ಕೊಮ್ಮೆ ಹೋಗಿ ರಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ ಒಂದು ಪುಸ್ತಕವನ್ನು ಕಂಬಳಿಯಲ್ಲಿ ಸುತ್ತಿಕೊಂಡು ತರುತ್ತಿದ್ದ. ಮರಾಠಿ ಪುಸ್ತಕವನ್ನು ಒಮ್ಮೆಯೂ ತಪ್ಪಿ ತರಲಿಲ್ಲ. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದಕ್ಕೆ, “ಗೆರಿಗಿ ಜೋತು ಬಿದ್ದಿದ್ದು ಮರಾಠಿ. ಕುರಿ ಹಂಗ ದುಂಡಗ ಕುಂತಿದ್ದು ನಮ್ಮದು” ಎಂದ.

ಮಧ್ಯಾಹ್ನ ಗಿರಾಕಿ ಇಲ್ಲದಾಗ ನಾನು ಓದುತ್ತಿದ್ದೆ, ಆತ ಮೆಟ್ಟಿಲ ಮೇಲೆ ಕೂತು ಉಣ್ಣೆ ನೂಲುತ್ತ ಕೇಳುತ್ತಿದ್ದ. ಆತನ ಪ್ರಶ್ನೆಗಳು ವಿಚಿತ್ರವಾಗಿರುತ್ತಿದ್ದವು. ಒಂದು ಪುಸ್ತಕದಲ್ಲಿ ಸೈನ್ಯ ಒಂದು ತಿಂಗಳು ಬಯಲಲ್ಲಿ ಬೀಡು ಬಿಟ್ಟಿತ್ತು. ಅಷ್ಟು ಕುದುರೆಗೆ ನೀರು ಎಲ್ಲಿಂದ ತಂದರು ಎಂದು ಕೇಳಿದ. ಬರೆದವನು ಬರೆದಿರಲಿಲ್ಲ. ಇನ್ನೊಂದು ಕಾದಂಬರಿಯ ನಾಯಕ ಮೂರು ಅಧ್ಯಾಯ ದುಃಖದಲ್ಲಿ ಮಲಗಿಯೇ ಇದ್ದ. ಇವನಿಗೆ ರೊಟ್ಟಿ ಯಾರು ಬಡಿದು ಹಾಕುತ್ತಿದ್ದಾರೆ ಎಂದು ಕೇಳಿದ. ಆಮೇಲೆ ಯಾವ ಪುಸ್ತಕ ಓದಿದರೂ ಆ ಪ್ರಶ್ನೆ ನನ್ನ ತಲೆಯಲ್ಲಿ ಎದ್ದು ಕೂರುತ್ತದೆ. ದೊಡ್ಡ ದೊಡ್ಡ ಲೇಖಕರ ಹತ್ತಿರವೂ ಅದಕ್ಕೆ ಉತ್ತರ ಇರುವುದಿಲ್ಲ.

ಮೂರು ವರ್ಷ ಹೀಗೆ ನಡೆಯಿತು. ಎಪ್ಪತ್ತರ ದಶಕ ಶುರುವಾಗಿತ್ತು. ಚುನಾವಣೆ ಬಂತು. ಸರಪಂಚನಿಗೆ ತನ್ನ ಪಕ್ಷದ ಕಚೇರಿಗೆ ಒಂದು ಕೋಣೆ ಬೇಕಾಯಿತು. ಆ ಹೊತ್ತಿಗೆ ನಾನು ಊರಲ್ಲಿರಲಿಲ್ಲ, ಅಕ್ಕನ ಬಾಣಂತನಕ್ಕೆಂದು ಶೇಗಾಂವಕ್ಕೆ ಹೋಗಿದ್ದೆ. ತಿರುಗಿ ಬಂದ ಮರುದಿನ ಮುಂಜಾನೆ ಅಂಗಡಿಯ ಮೂಲೆಯಲ್ಲಿ ಎರಡು ಚೀಲ ಹೊಸ ರದ್ದಿ ಇತ್ತು. ಗಿರಾಕಿಗಳ ಗದ್ದಲ. ಕೈ ಹಾಕಿ ಹಾಳೆ ಎಳೆದೆ, ಬೆಲ್ಲ ಕಟ್ಟಿದೆ, ಜೀರಿಗೆ ಕಟ್ಟಿದೆ, ಅರಿಶಿಣ ಕಟ್ಟಿದೆ. ಎಷ್ಟೋ ಜನ ಒಯ್ದ ಮೇಲೆ ಒಂದು ಹಾಳೆಯ ಸಾಲಿನ ಮೇಲೆ ಕಣ್ಣು ಬಿತ್ತು. ಬೀಡು ಬಿಟ್ಟ ಸೈನ್ಯದ ಪುಸ್ತಕ ಅದು. ಚೀಲ ಬೋರಲು ಹಾಕಿದೆ. ಎಲ್ಲವೂ ಕನ್ನಡ. ಎಲ್ಲದರ ಮೇಲೂ ವಾಚನಾಲಯದ ಶಿಕ್ಕಾ ಮುದ್ರೆ.

ಅಪ್ಪನನ್ನು ಕೇಳಿದೆ. ಪಂಚಾಯತಿಯ ಶಿಪಾಯಿ ತಂದು ಹಾಕಿದ, ತನಗೇನು ಗೊತ್ತು ಎಂದ. ನಾನಿಲ್ಲದ ಆ ದಿನಗಳಲ್ಲಿ ಅಪ್ಪ ಎಡಗೈಯಿಂದಲೇ ಅರ್ಧ ಕಪಾಟು ಹರಿದು ಹಂಚಿದ್ದ.

ತಕ್ಕಡಿ ಕೆಳಗಿಟ್ಟು ಪಂಚಾಯತಿಗೆ ಹೋದೆ. ಜೀವನದಲ್ಲಿ ಮೊದಲ ಸಲ ಆ ಹೊಸ್ತಿಲು ದಾಟಿದೆ. ಸರಪಂಚ, ಪಂಚಾಯತಿಯ ದಫ್ತರ ನೋಡುವ ಗ್ರಾಮಸೇವಕ, ಇನ್ನೂ ನಾಲ್ಕು ಜನ ಕೂತಿದ್ದರು. ಪುಸ್ತಕ ಯಾಕೆ ಮಾರಿದಿರಿ ಎಂದು ಕೇಳಿದೆ. ಗ್ರಾಮಸೇವಕ ಮರಾಠಿಯಲ್ಲಿ, ನಿಯಮದ ಪ್ರಕಾರವೇ ಆಗಿದೆ ಎಂದ. ರಜಿಸ್ಟರ ನೋಡಿದರೆ ಕನ್ನಡ ಪುಸ್ತಕ ಒಯ್ದವನು ಒಬ್ಬನೇ, ಅವನದೂ ಬರಿ ಹೆಬ್ಬೆಟ್ಟು. ಅಂದರೆ ಓದುವವರು ಯಾರೂ ಇಲ್ಲ ಎಂದು ಠರಾವು ಮಾಡಿದೆವು ಎಂದ. ಕೂತವರಲ್ಲಿ ಒಬ್ಬ ನಗುತ್ತ ಹೇಳಿದ, ಮುದುಕನನ್ನು ಕರೆಸಿ ಕೇಳಿದರಂತೆ, ಓದಲು ಬಾರದವನು ಪುಸ್ತಕ ಒಯ್ದು ಏನು ಮಾಡಿದೆ ಎಂದು. ಅಕ್ಷರ ಚಂದ ಕಾಣುತ್ತವೆ, ನೋಡಲು ಒಯ್ದೆ ಎಂದನಂತೆ. ಎಲ್ಲರೂ ಮತ್ತೊಮ್ಮೆ ನಕ್ಕರು.

ನನ್ನ ಹೆಸರು ಬರದಿರಲೆಂದು ಆತ ಊರಿನ ಮುಂದೆ ಹುಚ್ಚನಾಗಿ ನಿಂತಿದ್ದ.

“ಹೆಬ್ಬೆಟ್ಟು ಆತಂದು. ಓದಿದಾಕಿ ನಾ” ಎಂದೆ.

ಸರಪಂಚ, ಸಣ್ಣ ಮಗುವಿಗೆ ತಿಳಿಸಿ ಹೇಳುವ ದನಿಯಲ್ಲಿ, “ಒಂದು ಹೆಣ್ಮಗಳು ಓದಿದ್ರ ಊರು ಓದಿದಂಗ ಆಗೂದಿಲ್ಲವ್ವಾ” ಎಂದ. ಮನೆಯಲ್ಲಿ ಹೆಂಡತಿ ಮಕ್ಕಳ ಜೊತೆ ಕನ್ನಡವನ್ನೇ ಆಡುವ ಮನುಷ್ಯ ಆತ.

ಆತ ಬೈದಿದ್ದರೆ ಬಹುಶಃ ನಾನು ಅಳುತ್ತ ಮನೆಗೆ ಹೋಗುತ್ತಿದ್ದೆ. ಆ ಮೆತ್ತನೆಯ ದನಿ ನನ್ನನ್ನು ಹಿಡಿದು ನಿಲ್ಲಿಸಿತು. ಟೇಬಲ್ಲಿನ ಮೇಲಿದ್ದ ವಾಚನಾಲಯದ ರಜಿಸ್ಟರ ಎಳೆದುಕೊಂಡೆ, ಅಲ್ಲೇ ಇದ್ದ ಪೆನ್ನಿನಿಂದ ಒಂದೊಂದು ಹೆಬ್ಬೆಟ್ಟಿನ ಪಕ್ಕಕ್ಕೆ ನನ್ನ ಹೆಸರು ಬರೆಯತೊಡಗಿದೆ. ನಾಲ್ಕೈದು ಬರೆಯುವಷ್ಟರಲ್ಲಿ ಗ್ರಾಮಸೇವಕ ಸರಕಾರಿ ದಫ್ತರವೆಂದು ಕೂಗಿ ಕಸಿದುಕೊಂಡ. ಕಾಗದ ಹರಿಯಿತು. ನಿಮ್ಮಪ್ಪನ ಚಿಮಣಿ ಎಣ್ಣೆ ಮಾರುವ ಪರವಾನಗಿ ನೆನಪಿರಲಿ ಎಂದು ಹಿಂದಿನಿಂದ ಯಾರೋ ಹೇಳಿದರು.

ಅಪ್ಪ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಸುಮ್ಮನೆ ಪೇಟೆಯಿಂದ ಮರಾಠಿ ಪೇಪರಿನ ರದ್ದಿ ತರಿಸಿದ. ಉಳಿದ ಪುಸ್ತಕಗಳನ್ನು ಬೇಳೆ ಡಬ್ಬಿಗಳ ಹಿಂದೆ ಜೋಡಿಸಿಟ್ಟೆ, ಅಪ್ಪ ನೋಡಿಯೂ ನೋಡದಂತಿದ್ದ.

ಮುದುಕ ಬಂದಾಗ ಜಗಳ ತೆಗೆದೆ. ಯಾಕೆ ನನ್ನ ಹೆಸರು ಹೇಳಲಿಲ್ಲ, ಹೇಳಿದ್ದರೆ ಪುಸ್ತಕ ಉಳಿಯುತ್ತಿದ್ದವು ಎಂದೆ. ಆತ ತಕಲಿ ತಿರುಗಿಸುವುದನ್ನು ನಿಲ್ಲಿಸಲಿಲ್ಲ.

“ನನಗ ನಕ್ಕರ ಕುರಿ ಹಾಲು ಕಡಿಮಿ ಕೊಡತಾವೇನು? ನಿನ್ನ ಸುದ್ದಿ ಎದ್ದಿದ್ರ ನಿಮ್ಮಪ್ಪ ಒಳಗ ಕೂಡಿಸ್ತಿದ್ದ, ಯವ್ವಾ.”

ಅದು ನಿಜ. ನಿಜವಾಗಿದ್ದಕ್ಕೇ ಇನ್ನೂ ಸಿಟ್ಟು ಬಂತು.

ಅದೇ ತಿಂಗಳು ಗಡಿಯ ಆಚೆಯಿಂದ ಒಬ್ಬ ಪುಢಾರಿ ಬಂದ. ಈ ಊರುಗಳೆಲ್ಲ ಕನ್ನಡದವು, ಇಲ್ಲಿಯ ತಾಯಂದಿರ ಬಾಯಲ್ಲಿ ಕನ್ನಡ ಉಳಿದಿದೆ ಎಂದು ಭಾಷಣ ಮಾಡಿದ. ಭಾಷಣ ಮುಗಿದ ಮೇಲೆ ಹೋಗಿ ಒಂದು ಪೆಟ್ಟಿಗೆ ಪುಸ್ತಕ ಕಳಿಸಿರಿ ಎಂದು ಕೇಳಿದೆ. ಚೀಟಿಯಲ್ಲಿ ಬರೆದುಕೊಂಡ, ತಲೆಯ ಮೇಲೆ ಕೈಯಿಟ್ಟು ಆಶೀರ್ವಾದವನ್ನೂ ಮಾಡಿದ. ಒಂದು ಹಾಳೆಯೂ ಬರಲಿಲ್ಲ. ಮುಂದಿನ ವಾರ ಈಚೆಯ ಪುಢಾರಿ ಬಂದು ಮರಾಠಿಯ ಬಗ್ಗೆ ಅದೇ ಮಾತಾಡಿದ. ಇಬ್ಬರಿಗೂ ನಮ್ಮ ನಾಲಿಗೆ ಬೇಕಾಗಿತ್ತು, ಅದೂ ನಕಾಶೆಯ ಮೇಲೆ. ನಾವು ಏನು ಓದುತ್ತೇವೆ ಎಂದು ಇಬ್ಬರಲ್ಲಿ ಒಬ್ಬನೂ ಕೇಳಲಿಲ್ಲ.

ಚುನಾವಣೆ ಮುಗಿದ ಮೇಲೆ ವಾಚನಾಲಯದ ಕೋಣೆಯಲ್ಲಿ ಗೊಬ್ಬರದ ಚೀಲ ತುಂಬಿದರು. ನಮ್ಮ ಅಂಗಡಿಗೆ ಮಾತ್ರ ಮಧ್ಯಾಹ್ನ ಹೆಂಗಸರು ಬರತೊಡಗಿದರು. ಮೊದಲು ಬಂದವಳು ಸರಪಂಚನ ಸೊಸೆ. ಸಾಬೂನು ಕೇಳಿ, ಸೆರಗಿನೊಳಗಿಂದ ಕೈ ಚಾಚಿ, ನಿನ್ನ ಹತ್ತಿರ ಪುಸ್ತಕ ಅದಾವಂತಲ್ಲ ಎಂದಳು. ಕೊಟ್ಟೆ. ಆದರೆ ಒಂದು ವಹಿಯಲ್ಲಿ ಹೆಸರು ಬರೆದೇ ಒಯ್ಯಬೇಕೆಂದು ಹಟ ಹಿಡಿದೆ. ಹೆದರಿದಳು, ಹಿಂದೆ ತಿರುಗಿ ನೋಡಿದಳು, ಬರೆದಳು.

ಎಷ್ಟೋ ವರ್ಷದ ಮೇಲೆ ಊರಿಗೆ ಹೊಸ ವಾಚನಾಲಯ ಬಂತು. ಉದ್ಘಾಟನೆಗೆ ವೇದಿಕೆಯ ಮೇಲೆ ನನಗೂ ಒಂದು ಕುರ್ಚಿ ಇದೆ ಎಂದು ಅದೇ ಸರಪಂಚ, ಮುಪ್ಪಾದವನು, ಕೋಲೂರಿಕೊಂಡು ಕರೆಯಲು ಬಂದ. ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡವೆಂದು ಅದೇ ಮೆತ್ತನೆಯ ದನಿಯಲ್ಲಿ ಹೇಳಿದ. ಕುಂದ್ರಿ ಎಂದೆ, ಚಹಾ ಕೊಟ್ಟೆ, ಬರುವುದಿಲ್ಲ ಎಂದೆ.