ಜೀಪು ಕೆರೆಗೆ ಇಳಿದ ದಿನ

ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಯಾರಿಗೂ ಈಜು ಬರುತ್ತಿರಲಿಲ್ಲ. ನಗಬೇಡಿ, ಮಕ್ಕಳೇ. ಊರಿಗೆ ಕೆರೆಯಿತ್ತು, ಕೆರೆಯ ತುಂಬ ನೀರಿತ್ತು, ಆದರೆ ಆ ನೀರಿಗೆ ಇಳಿಯುವ ಹಾಗಿರಲಿಲ್ಲ. ಮೊರಬ ಊರಿನ ಆಚೆ ನಮ್ಮ ಕಡೆ ಎಲ್ಲಿ ಬಾವಿ ತೋಡಿದರೂ ಸವಳು ನೀರೇ. ಬಾಯಿಗಿಟ್ಟರೆ ಉಪ್ಪು, ಬೇಳೆ ಹಾಕಿದರೆ ಬೇಯುವುದಿಲ್ಲ. ಮಳೆಗಾಲದಲ್ಲಿ ಹರಿದು ಬಂದು ಕೆರೆಯಲ್ಲಿ ನಿಂತ ಸಿಹಿನೀರನ್ನೇ ಇಡೀ ಊರು ವರ್ಷಪೂರ್ತಿ ಕುಡಿಯಬೇಕಿತ್ತು. ಹಾಗಾಗಿ ಅಲ್ಲಿ ಬಟ್ಟೆ ಒಗೆಯುವಂತಿಲ್ಲ, ದನ ಇಳಿಸುವಂತಿಲ್ಲ, ಏರಿ ಹತ್ತುವ ಮೊದಲೇ ಚಪ್ಪಲಿ ಬಿಡಬೇಕು. ಹೆಂಗಸರು ಕೊಡದ ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿ, ಮೆಟ್ಟಿಲ ಮೇಲೆ ಬಗ್ಗಿ, ಪಾದ ಕೂಡ ತೋಯಿಸದೆ ನೀರು ತುಂಬಿಕೊಳ್ಳುತ್ತಿದ್ದರು.

ಆ ಕೆರೆಯನ್ನು ಕಾಯುತ್ತಿದ್ದವನು ನಮ್ಮ ಅಪ್ಪ. ಊರಿನವರೇ ಅವನನ್ನು ಆ ಕೆಲಸಕ್ಕೆ ಇಟ್ಟಿದ್ದರು. ಏರಿಯ ತುದಿಯಲ್ಲಿ ಒಂದು ಕೋಣೆ ಕಟ್ಟಿಕೊಟ್ಟಿದ್ದರು, ಸುಗ್ಗಿಯಲ್ಲಿ ಮನೆಮನೆಯಿಂದ ಜೋಳ ಬರುತ್ತಿತ್ತು. ಅಪ್ಪನ ತಲೆಗೆ ದೊಡ್ಡ ರುಮಾಲು, ಕೈಯಲ್ಲಿ ಬಡಿಗೆ, ಬಾಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಕೂಗು: "ಯಾರದು? ಚಪ್ಲಿ ತಗೀರಿ!" ಊರ ಗೌಡರಿಗೂ ಅದೇ ಮಾತು, ಸುಡುವ ಬಿಸಿಲಿನಲ್ಲಿ ಬಂದ ಬೀಗರಿಗೂ ಅದೇ ಮಾತು.

ಅವ್ವನ ಮುಖ ನನಗೆ ನೆನಪಿಲ್ಲ. ನನ್ನನ್ನು ಎತ್ತಿ ಆಡಿಸಿದವಳು ಅಕ್ಕ. ಅವಳು ಮದುವೆಯಾಗಿ ಶಲವಡಿಗೆ ಹೋದ ಮೇಲೆ ಆ ಕೋಣೆಯಲ್ಲಿ ನಾನು ಮತ್ತು ಅಪ್ಪ ಇಬ್ಬರೇ ಉಳಿದೆವು. ಅಪ್ಪನ ಬಡಿಗೆಗೆ ಹೆದರಿ ಊರಿನ ಹುಡುಗರು ಏರಿಯ ಕಡೆ ಸುಳಿಯುತ್ತಿರಲಿಲ್ಲ. ನಾನೇ ಊರೊಳಗೆ ಹೋದರೆ, "ಕೆರಿ ಕಾಯವನ ಮಗಾ ಬಂದಾ, ಎಲ್ಲಾರೂ ಚಪ್ಲಿ ತಗೀರೋ!" ಎಂದು ಕಾಡಿಸುತ್ತಿದ್ದರು. ಅದಕ್ಕೇ ನಾನು ಹೋಗುವುದನ್ನು ಬಿಟ್ಟಿದ್ದೆ.

ಅಪ್ಪ ಸಿಟ್ಟಿನವನಲ್ಲ, ಆದರೆ ಅವನಿಗೆ ಮಾತು ಬಹಳ ಕಡಿಮೆ. ರೊಟ್ಟಿ ಬಡಿದು, ನನ್ನ ಮುಂದೆ ಗಂಗಾಳ ಇಟ್ಟು, ತಾನು ಬಾಗಿಲಲ್ಲಿ ಕೆರೆಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದ. ನಾನು ಅವನ ಬೆನ್ನು ನೋಡುತ್ತ ಉಣ್ಣುತ್ತಿದ್ದೆ. ಅಪ್ಪನಿಗೆ ನನಗಿಂತ ಕೆರೆಯೇ ಹೆಚ್ಚು ಎಂದು ನನಗೆ ಅನಿಸಿಬಿಟ್ಟಿತ್ತು. ಎಂಟು ವರ್ಷದ ಹುಡುಗನ ತಲೆಯಲ್ಲಿ ಒಂದು ಮಾತು ಹೊಕ್ಕರೆ ತೆಗೆಯುವವರು ಯಾರು? ಅಕ್ಕನಿದ್ದಿದ್ದರೆ ತೆಗೆಯುತ್ತಿದ್ದಳೇನೋ.

ಶ್ರಾವಣದ ಒಂದು ಮಧ್ಯಾಹ್ನ. ಎರಡು ದಿನದಿಂದ ಜಿಟಿಜಿಟಿ ಮಳೆ ಹಿಡಿದಿತ್ತು. ಎರೆಹೊಲದ ಮಣ್ಣು ಕಾಲಿಗೆ ಮೆತ್ತಿ ಹೆಜ್ಜೆ ಎತ್ತಿದರೆ ಭಾರವಾಗುತ್ತಿತ್ತು. ನಾನು ಏರಿಯ ಹೊರಗೆ ಜಾಲಿಗಿಡದ ಕೆಳಗೆ ಒಬ್ಬನೇ ಕೂತಿದ್ದೆ. ಆಗ ಒಂದು ಜೀಪು ಬಂತು. ಹತ್ತಿ ವ್ಯಾಪಾರಿಯೊಬ್ಬರ ಜೀಪು, ಒಳಗೆ ಡ್ರೈವರ್ ಒಬ್ಬನೇ. ಮಳೆ ಬಡಿಯಬಾರದೆಂದು ಪಕ್ಕಕ್ಕೂ ಹಿಂದಕ್ಕೂ ತಾಡಪತ್ರಿಯ ಪರದೆ ಇಳಿಬಿಟ್ಟು ಹೊರಗಿನಿಂದ ಪಟ್ಟಿ ಬಿಗಿದಿದ್ದರು. ಡ್ರೈವರ್ ಕೂರುವ ಕಡೆ ಮಾತ್ರ ತೆರೆದಿತ್ತು. ಮುಂಭಾಗದಿಂದ ಬುಸುಬುಸು ಹಬೆ ಏಳುತ್ತಿತ್ತು. ಹಳ್ಳದ ನೀರು ಕೆರೆಗೆ ಬರುವ ಕಡೆ ಮೆಟ್ಟಿಲಿರಲಿಲ್ಲ, ಬರೀ ಇಳಿಜಾರು. ಡ್ರೈವರ್ ಆ ಇಳಿಜಾರಿನ ತಲೆಗೇ ಜೀಪು ತಂದು ನಿಲ್ಲಿಸಿದ.

ಅಪ್ಪ ಬಡಿಗೆ ಎತ್ತಿ ಓಡಿ ಬಂದ. "ಅಲ್ಲೇ ನಿಂದರ್ರಿ! ಗಾಲಿ ಮುಂದ ಒಂದ್ ಗೇಣೂ ಬರಬಾರ್ದು!"

"ಇಲ್ಲ ಕಾಕಾ, ಇಲ್ಲೇ ನಿಲ್ಲಸ್ತೇನ್ರಿ. ಇಂಜಿನ್ ಅಗದಿ ಕಾದೈತ್ರಿ. ಒಂದ್ ಕೊಡಾ ನೀರ ಕೊಟ್ರ ಸಾಕ್ರಿ" ಎಂದು ಡ್ರೈವರ್ ಡಬ್ಬಿ ಹಿಡಿದು ಇಳಿದ.

"ಕೊಡತೇನಿ. ಆದ್ರ ನಿಮ್ಮ ಡಬ್ಬಿ ನಮ್ಮ ಕೆರಿಗೆ ಅದ್ದಂಗಿಲ್ಲ. ನಮ್ಮ ಕೊಡದಾಗ ತುಂಬತೇನಿ, ಬರ್ರಿ ನನ್ನ ಹಿಂದ."

ಇಬ್ಬರೂ ಮೆಟ್ಟಿಲುಗಳ ಕಡೆ ಹೋದರು. ನಾನು ಜೀಪಿನ ಸುತ್ತ ಒಂದು ಸುತ್ತು ಹಾಕಿದೆ. ಜೀವನದಲ್ಲಿ ಮೊದಲ ಸಲ ಅಷ್ಟು ಹತ್ತಿರದಿಂದ ನೋಡುತ್ತಿದ್ದೆ. ಮೆಲ್ಲಗೆ ಒಳಗೆ ಹತ್ತಿ ಕೂತೆ. ಪೆಟ್ರೋಲು, ಬೀಡಿ, ಒದ್ದೆ ತಾಡಪತ್ರಿ ಎಲ್ಲ ಬೆರೆತ ವಾಸನೆ. ಹಿಂದಿನ ಸೀಟಿನ ಸಂದಿಯಲ್ಲಿ ಹತ್ತಿಯ ಎಳೆಗಳು ಸಿಕ್ಕಿಕೊಂಡಿದ್ದವು. ಸ್ಟೇರಿಂಗ್ ಹಿಡಿದು, ಬಾಯಲ್ಲಿ ಭರ್ರೆಂದು ಸದ್ದು ಮಾಡುತ್ತ ನಾನು ಶಲವಡಿಗೆ ಅಕ್ಕನ ಮನೆಗೆ ಹೊರಟೆ. ಅಕ್ಕ ಬಾಗಿಲಿಗೆ ಬಂದು "ಅಯ್ಯ, ಯಾರು ಬಂದಾರ ನೋಡ್ರಿ!" ಅನ್ನುವುದು ಕಿವಿಗೆ ಕೇಳಿದಂತಾಯಿತು. ಖುಷಿಯಲ್ಲಿ, ಪಕ್ಕದಲ್ಲಿದ್ದ ಗುಂಡುತಲೆಯ ಕೋಲನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದೆ. ಬ್ರೇಕು ಸರಿಯಿಲ್ಲದ ಆ ಜೀಪನ್ನು ಡ್ರೈವರ್ ಗೇರಿನಲ್ಲಿ ನಿಲ್ಲಿಸಿ ಹೋಗಿದ್ದ, ಅದನ್ನು ಹಿಡಿದಿಟ್ಟದ್ದು ಆ ಕೋಲೇ ಎಂದು ನನಗೇನು ಗೊತ್ತು? ಕೋಲು ಸರಿಯಿತು, ಜೀಪೂ ಸರಿಯಿತು.

ಮೊದಲು ಮೆಲ್ಲಗೆ ಉರುಳಿದ ಜೀಪು ಕೆಸರಿನಲ್ಲಿ ಜಾರುತ್ತ ಮೂಗು ಮುಂದೆ ಮಾಡಿ ಕೆರೆಗೆ ನುಗ್ಗಿತು. ನೀರು ಹಾರಿ ಗಾಜಿಗೆ ಬಡಿಯಿತು. ತೆರೆದಿದ್ದ ಕಡೆಯಿಂದ ತಣ್ಣನೆಯ ನೀರು ಭರದಿಂದ ಒಳಗೆ ಬಂತು. ಹತ್ತಿ ಬಂದ ದಾರಿಯೇ ನೀರೊಳಗೆ ಹೋಯಿತು. ನಾನು ಸೀಟು ಹತ್ತಿ ಹಾರಿ, ಇನ್ನೂ ಮೇಲಿದ್ದ ಹಿಂಭಾಗಕ್ಕೆ ತೆವಳಿದೆ. ಅಲ್ಲಿ ಪರದೆ ಬಿಗಿದಿತ್ತು. ಮೂಲೆಯಲ್ಲಿ ಒಂದು ಪಟ್ಟಿ ಸಡಿಲಾಗಿ ಗೇಣಗಲದ ಸಂದಿಯಿತ್ತು. ಅದರಲ್ಲಿ ದಂಡೆ ಕಾಣುತ್ತಿತ್ತು, ದಂಡೆಯಲ್ಲಿ ಯಾರೂ ಇರಲಿಲ್ಲ. ಅಷ್ಟು ಒಂಟಿಯಾಗಿ ನಾನು ಮತ್ತೆಂದೂ ಇರಲಿಲ್ಲ.

ಆಗ ನಾನು ಏನು ಮಾಡಿದೆ ಗೊತ್ತೇ? ಕಾಲು ನೋಡಿಕೊಂಡೆ. ಕಾಲಲ್ಲಿ ಟೈರಿನ ಚಪ್ಪಲಿ! ಕೆರೆಯೊಳಗೆ ಚಪ್ಪಲಿ! ನೀರು ಮೊಣಕಾಲು ದಾಟುತ್ತಿದ್ದರೂ ಬಗ್ಗಿ, ತಡಕಾಡಿ, ಎರಡನ್ನೂ ಬಿಚ್ಚಿ ತಲೆಯ ಮೇಲೆ ಎತ್ತಿ ಹಿಡಿದು ನಿಂತೆ. ಅಪ್ಪ ಬೈಯಬಾರದಲ್ಲ! ಮುಳುಗುವುದಕ್ಕಿಂತ ನನಗೆ ಅದೇ ದೊಡ್ಡ ಭಯವಾಗಿತ್ತು. ಇಂಥ ಜಾಣ ನಿಮ್ಮ ಅಜ್ಜ.

ಅಷ್ಟರಲ್ಲಿ ದಂಡೆಯಲ್ಲಿ ಅಪ್ಪ ಕಾಣಿಸಿದ. ಅವನ ಹಿಂದೆ ಡ್ರೈವರ್.

"ತಮ್ಮಾ! ಪರದೆ ಎತ್ತೋ! ಎರಡೂ ಕೈಲೆ ಎತ್ತು, ತಲಿ ಹೊರಗ ತಗೀ!"

"ಕೈಯಾಗ ಚಪ್ಲಿ ಅದಾವಪ್ಪಾ! ನೀರಿಂದ ಮ್ಯಾಲ ಹಿಡದೇನಿ!" ಎಂದು ಕೂಗಿದೆ.

ಆಗ ಅಪ್ಪನ ಗಂಟಲಿನಿಂದ ಬಂದ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಒಗಿಯೋ ಅವನ್ನ! ನೀರಾಗ ಒಗಿ! ಕೆರಿ ಹಾಳಾಗಿ ಹೋಗ್ಲಿ, ನೀ ಹೊರಗ ಬಾರೋ ನನ್ನ ಮಗನ!"

ನಾನು ಒಗೆದೆ. ಎರಡೂ ಕೈ ಹಾಕಿ ಪರದೆ ಎತ್ತಿದೆ. ತಲೆ ಹೊರಬಂತು, ಹೆಗಲು ಸಿಕ್ಕಿಕೊಂಡಿತು. ಕೆಳಗೆ ಕೆಸರು ಜೀಪನ್ನು ಇಷ್ಟಿಷ್ಟೇ ಒಳಗೆ ಎಳೆದುಕೊಳ್ಳುತ್ತಿತ್ತು, ನೀರು ಸೊಂಟಕ್ಕೆ ಬಂತು. ಅಪ್ಪ ರುಮಾಲು ಬಿಚ್ಚಿ ಒಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಇನ್ನೊಂದು ತುದಿಯನ್ನು ಡ್ರೈವರ್ ಕೈಗೆ ಕೊಟ್ಟ. ಈಜು ಬಾರದ ಅಪ್ಪ ಎದೆಮಟ್ಟದ ನೀರಿನಲ್ಲಿ ನಡೆದು ಬಂದ. ಹಲ್ಲು ಕಚ್ಚಿ ಪಟ್ಟಿ ಕಿತ್ತು, ನನ್ನ ಎರಡೂ ರಟ್ಟೆ ಹಿಡಿದು ಎಳೆದ. ಜೀಪಿನ ತಗಡಿನ ಅಂಚು ಬೆನ್ನು ಗೀರಿತು. ನಾನು ಅವನ ಕೊರಳಿಗೆ ಜೋತುಬಿದ್ದೆ. ಡ್ರೈವರ್ ರುಮಾಲು ಜಗ್ಗಿದ.

ದಂಡೆಗೆ ಬಂದ ಮೇಲೂ ಅಪ್ಪ ನನ್ನನ್ನು ಕೆಳಗಿಳಿಸಲಿಲ್ಲ. ಕೊಡ ಹಿಡಿದ ಹೆಂಗಸರು ಏರಿಯ ಮೇಲೆ ಸಾಲಾಗಿ ನಿಂತಿದ್ದರು. ಅವರೆಲ್ಲ ನೋಡುತ್ತಿದ್ದುದು ಅಪ್ಪನ ಕಾಲನ್ನು. ಕೊಡ ತುಂಬಿಕೊಟ್ಟು, ಏರಿಯ ಹೊರಗೆ ಬಂದು ಮೆಟ್ಟಿಕೊಂಡಿದ್ದ ಚಪ್ಪಲಿ ಅವನ ಕಾಲಲ್ಲೇ ಇದ್ದವು. ಅವನು ಅವುಗಳ ಸಮೇತ ಕೆರೆಗೆ ಇಳಿದಿದ್ದ. ಹಿಂದೆ ನೀರಿನ ಮೇಲೆ ಜೀಪಿನ ಎಣ್ಣೆ ಬಣ್ಣಬಣ್ಣವಾಗಿ ಹರಡುತ್ತಿತ್ತು.

ಸಂಜೆ ಎತ್ತು ಕಟ್ಟಿ ಜೀಪನ್ನು ಎಳೆದರು. ಅಪ್ಪ ಗೌಡರ ಮುಂದೆ ಬಡಿಗೆ ಇಟ್ಟ.

"ಮಗಾ ಮುಳಗೂ ಹೊತ್ತಿನ್ಯಾಗ ಕಾಲು ಯಾರ್ ನೋಡ್ಕೋತಾರೋ ಮಾರಾಯಾ? ಬಡಿಗಿ ತಗೋ" ಎಂದರು ಗೌಡರು.

"ಇಲ್ರಿ ಗೌಡ್ರ. ನಾಳೆ ಯಾರಿಗರೆ ಚಪ್ಲಿ ತಗೀರಿ ಅಂತ ಯಾವ ಬಾಯಿಲೆ ಅನ್ಲಿ?"

ಅವರು ಎಷ್ಟು ಹೇಳಿದರೂ ಅಪ್ಪ ಕೇಳಲಿಲ್ಲ. ನಾವು ಏರಿಯ ಕೋಣೆ ಬಿಟ್ಟು ಊರೊಳಗಿನ ಸಣ್ಣ ಮನೆಗೆ ಬಂದೆವು, ಅಪ್ಪ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗತೊಡಗಿದ. ಎಣ್ಣೆಯ ವಾಸನೆ ಹೋಗುವವರೆಗೆ ಊರಿನವರು ಪಕ್ಕದ ಊರಿನ ಕೆರೆಯಿಂದ ಬಂಡಿಯಲ್ಲಿ ಪೀಪಾಯಿ ಕಟ್ಟಿ ನೀರು ತಂದರು. ನನ್ನನ್ನು ಯಾರೂ ಬೈಯಲಿಲ್ಲ. ಹುಡುಗರು ಕಾಡಿಸುವುದನ್ನೂ ಬಿಟ್ಟರು. ಅದು ಇನ್ನೂ ಕಷ್ಟವಾಗಿತ್ತು. ಆ ಮನೆಯ ಬಾಗಿಲಿನಿಂದ ಕೆರೆ ಕಾಣುತ್ತಿರಲಿಲ್ಲ, ಹಾಗಾಗಿ ಅಪ್ಪ ನನ್ನ ಎದುರಿಗೇ ಕೂತು ಉಣ್ಣುತ್ತಿದ್ದ. ನಾನು ಬಯಸಿದ್ದು ಅದನ್ನೇ. ಆದರೆ ತಲೆ ಎತ್ತಿ ಅವನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಅಪ್ಪನ ಕೆರೆಯನ್ನು ಕಳೆದವನು ನಾನು. ತಪ್ಪಾಯಿತು ಎನ್ನಲು ಎಷ್ಟೋ ಸಲ ಬಾಯಿ ತೆರೆದೆ, ಅನ್ನಲಿಲ್ಲ. ಈಗ ಅಪ್ಪನಿಲ್ಲ.

ನಿಮಗೆ ನಲ್ಲಿ ತಿರುವಿದರೆ ನೀರು, ಹುಬ್ಬಳ್ಳಿಯಲ್ಲಿ ಈಜು ಕಲಿಸಲು ಒಬ್ಬ ಮೇಷ್ಟ್ರು, ಬಾಯಾರುವ ಮೊದಲೇ ಕೈಗೆ ಬರುವ ಬಾಟಲಿ. ಒಳ್ಳೆಯದೇ ಆಯಿತು. ಹೋದ ತಿಂಗಳು ನಿಮ್ಮನ್ನು ನಮ್ಮೂರಿಗೆ ಕರೆದುಕೊಂಡು ಹೋದಾಗ ಆ ಕೆರೆ ನೋಡಿದಿರಲ್ಲ? ಈಗ ಅದರ ನೀರನ್ನು ಯಾರೂ ಕುಡಿಯುವುದಿಲ್ಲ, ಅದನ್ನು ಯಾರೂ ಕಾಯುವುದಿಲ್ಲ. ನೀವು ಬೂಟು ಹಾಕಿಕೊಂಡೇ ಮೆಟ್ಟಿಲಿಳಿದು ನೀರು ಎರಚಾಡಿದಿರಿ, "ಅಜ್ಜಾ, ನೀನೂ ಬಾ" ಎಂದು ಕರೆದಿರಿ. ನಾನು ಏರಿಯ ಮೇಲೇ ನಿಂತೆ. ಅಜ್ಜನಿಗೆ ನೀರೆಂದರೆ ಹೆದರಿಕೆ ಎಂದು ನೀವು ನಕ್ಕಿರಿ. ನಾನೂ ನಕ್ಕೆ. ಹಿಂದಿನಿಂದ ಯಾರಾದರೂ ಒಬ್ಬರು ಗದರಿಸಿ ನಿಮ್ಮನ್ನೂ ನನ್ನನ್ನೂ ಅಲ್ಲಿಂದ ಓಡಿಸಲಿ ಎಂದು ನಾನು ಬಹಳ ಹೊತ್ತು ಕಾದೆ. ಯಾರೂ ಬರಲಿಲ್ಲ.