ಅಳಿಯನ ಜೋಡಿ ಚೆಸ್

ನರಗುಂದದಾಗ ಅರಿವಿ ಅಂಗಡಿ ಸಾವಕಾರ್ರ ಮನಿಗೆ ಇನ್ವರ್ಟರ್ ರಿಪೇರಿ ಮಾಡಾಕ ಹೋಗಿದ್ದೆ. ಪಡಸಾಲ್ಯಾಗ ಸಾವಕಾರ್ರು, ಲಗ್ನಾದ ಮ್ಯಾಲ ಮೊದಲನೇ ದೀಪಾವಳಿಗೆ ಬಂದಿದ್ದ ಅಳಿಯನ ಜೋಡಿ ಚೆಸ್ ಆಡಾಕತ್ತಿದ್ರು. ಕೆಲಸ ಮುಗಿಸಿ ನಾನೂ ನೋಡಕೋತ ನಿಂತೆ. ಬಾಜೂಮನಿ ಹುಸೇನಸಾಬ್ರು ಚಾ ಕುಡಕೋತ, "ಅಳಿಯಾನ ಗೆಲ್ಲತಾನ" ಅಂದ್ರು.

ನನಗ ತಡಕೊಳ್ಳಾಕ ಆಗಲಿಲ್ಲ. ಕಾಯಿ ಇದ್ದಂಗನ ಫೋನಿನ ಚೆಸ್ ಆ್ಯಪ್‌ನಾಗ ಇಟ್ಟು ತೋರಿಸಿದೆ. "ನೋಡ್ರಿ, ಸಾವಕಾರ್ರದು ಪಕ್ಕಾ ಗೆಲುವು. ಇದು ತಪ್ಪು ಹೇಳೂದಿಲ್ರಿ."

"ಈಗ ತಪ್ಪು ಹೇಳೈತಲ್ರಿ," ಅಂತ ಹುಸೇನಸಾಬ್ರು ಫೋನನ್ನ ಕನಿಕರದಿಂದ ನೋಡಿದ್ರು.

ಅಷ್ಟರಾಗ ಸಾವಕಾರ್ರ ಹೆಂಡತಿ ಅಡಗಿಮನಿ ಬಾಗಿಲಿಗೆ ಬಂದ್ರು. ಮುಖ ಸಣ್ಣದು ಮಾಡ್ಕೊಂಡು ಕುಂತಿದ್ದ ಅಳಿಯನ್ನ ನೋಡಿದ್ರು. ಆಮ್ಯಾಲ ಗಂಡನ್ನ ನೋಡಿದ್ರು. ಸಾವಕಾರ್ರು ಸಣ್ಣಗ ಕೆಮ್ಮಿ, ತಮ್ಮ ಮಂತ್ರೀನ ಒಯ್ದು ಅಳಿಯನ ಆನಿ ಬಾಯಿಗೆ ಇಟ್ರು.

"ಇದು ಭಾಳ ದೊಡ್ಡ ತಪ್ಪು ನಡಿ ಅಂತ ತೋರಸಾಕತ್ತೈತಿ," ಅಂತ ನಾನು ಫೋನ್ ಮುಂದ ಹಿಡದೆ.

ಹುಸೇನಸಾಬ್ರು ಕಪ್ಪುಬಸಿ ಕೆಳಗಿಟ್ಟು, "ನಿಮ್ಮದು ಲಗ್ನ ಆಗೈತೇನ್ರಿ?" ಅಂತ ಕೇಳಿದ್ರು.

"ಇನ್ನೂ ಇಲ್ರಿ."

ಅವರು ಅಷ್ಟೊತ್ತು ಫೋನನ್ನ ಹ್ಯಾಂಗ ನೋಡಾಕತ್ತಿದ್ರೋ, ಹಂಗಽ ನನ್ನನ್ನೂ ನೋಡಿದ್ರು.